ಹಣಿ ನಿಮ್ಮದು, ಹೊಲಿಗಿ ನಂದು

ಇಂಗ್ರೇಜರ ಕಾಲ. ಗಂಡ ಸತ್ತ ಮೇಲೆ ನಾನು ಗೋಕಾಕದ ದವಾಖಾನೆಯಲ್ಲಿ ನರ್ಸಬಾಯಿ ಆದೆ. ಬೋಳು ಹಣೆಯವಳ ಕೈ ಅಪಶಕುನ ಅನ್ನುವವರೇ ಹೆಚ್ಚು. ಅನ್ನಲಿ, ಪಟ್ಟಿ ಬಿಚ್ಚಿ ಕಟ್ಟುವವಳು ನಾನೇ.

ಘೋಡಗೇರಿಯ ಕುರಿಗಾರನೊಬ್ಬನಿಗೆ ಹೊಟ್ಟೆಯ ಆಪರೇಶನ್ ಆಗಿತ್ತು. ಮರುದಿನ ಅವನ ತಾಯಿ ಪಟ್ಟಿ ಎತ್ತಿ, ದೇವರ ಭಂಡಾರ ಅನ್ನುವ ಅರಿಷಿಣ ಪುಡಿಯನ್ನು ಹಸಿಗಾಯಕ್ಕೆ ಸುರಿಯಲು ಹೊರಟಿದ್ದಳು. ಓಡಿಹೋಗಿ ಮುಂಗೈ ಹಿಡಿದೆ.

“ಮುಟ್ಟಬ್ಯಾಡ! ಗಂಡನ್ನ ಉಳಿಸ್ಕೊಳ್ಳಾಕ ಆಗಲಿಲ್ಲ ನಿನಗ, ನನ್ನ ಮಗನ್ನ ಏನ್ ಉಳಸ್ತಿ?” ಅಂದಳು.

ನಾನು ಕೈ ಬಿಡಲಿಲ್ಲ. “ಭಂಡಾರ ಹಣಿಗೆ ಹಚ್ರಿ ಯವ್ವಾ, ಬ್ಯಾಡ ಅನ್ನಂಗಿಲ್ಲ. ಹಣಿ ನಿಮ್ಮದು, ಹೊಲಿಗಿ ನಂದು. ಅದರಾಗ ಪುಡಿ ಬಿದ್ರ ಕೀವ ಆಗತೈತಿ.”

ಹೊಲಿಗೆ ಬಿಚ್ಚುವ ತನಕ ದಿನಾ ಕುದಿಸಿ ಒಣಗಿಸಿದ ಬಟ್ಟೆಯಿಂದ ಪಟ್ಟಿ ಕಟ್ಟಿದೆ. ಆಕೆ ದಿನಾ ಮಗನ ಹಣೆಗೆ ಭಂಡಾರ ಹಚ್ಚಿದಳು, ನನ್ನ ಕಡೆ ನೋಡಲೇ ಇಲ್ಲ.

ಮಗ ತನ್ನ ಕಾಲ ಮೇಲೆ ನಡೆದು ಮನೆಗೆ ಹೊರಟ ದಿನ ಆಕೆ ನನ್ನೆದುರು ಬಂದು ನಿಂತಳು. ಚೀಲಕ್ಕೆ ಕೈ ಹಾಕಿ, ನನ್ನ ಬೋಳು ಹಣೆ ತುಂಬ ಭಂಡಾರ ಬಳಿದಳು. ವಿಧವೆಗೆ ಅರಿಷಿಣ! ನೋಡುತ್ತಿದ್ದ ಹೆಂಗಸರು ಹೌಹಾರಿದರು.

ನಾನು ಒರೆಸಲಿಲ್ಲ. ಸಂಜೆ ಅದೇ ಹಣೆ ಹೊತ್ತು, ಪೇಟೆಯ ನಟ್ಟನಡುವೆ, ಅತ್ತೆಯ ಮನೆಯ ಮುಂದಿನಿಂದಲೇ ನಡೆದುಹೋದೆ.