ದಾರ ಕಟ್ಟಿದ ಹದಿನಾಲ್ಕು ಮಾಡ್ಯೂಲ್‌ಗಳು

ಅವರ ಅಂಗಿಯ ಜೇಬಿನಿಂದ ಸದಾ ಒಂದು ದಾರದ ತುದಿ ಇಳಿಬಿದ್ದಿರುತ್ತಿತ್ತು. ಒಳಗೆ ಉಂಡೆ, ಹೊರಗೆ ಗೇಣುದ್ದದ ಬಾಲ. ಕೊಂಡಾಗ ಬಿಳಿ ದಾರವೇ. ವಾರ ಕಳೆಯುವಷ್ಟರಲ್ಲಿ ಅದಿರಿನ ಧೂಳು ಹತ್ತಿ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಯಾರು ಯಾವ ಸಾಮಾನು ವಾಪಸು ತಂದರೂ ಅವರ ಕೈ ಮೊದಲು ಹೋಗುತ್ತಿದ್ದದ್ದು ಆ ದಾರಕ್ಕೆ. ನನ್ನ ದಿನಚರಿಯಲ್ಲಿ ಆ ದಾರವನ್ನು ಬೈದ ಪುಟಗಳು ಹದಿನೇಳಿವೆ. ಎಣಿಸಿದ್ದೇನೆ.

ಅವರು ನಮ್ಮ ಗಣಿ ಕಂಪನಿಯ ಸ್ಟೋರ್ ಕೀಪರ್. ಎಲ್ಲರಿಗೂ ಕಾಕಾ. ಚಿತ್ತವಾಡ್ಗಿಯ ತಗಡಿನ ಶೆಡ್ಡೇ ಸ್ಟೋರು. ಬಂದವರಿಗೆ ಕೂರಲು ಬೋರಲು ಹಾಕಿದ ಗ್ರೀಸಿನ ಡಬ್ಬಿ. ನಾನು ಡಿಪ್ಲೊಮಾ ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿದಾಗ ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಗುಡ್ಡದಲ್ಲಿ ಲಾರಿ ತೂಗುವ ವೇಬ್ರಿಡ್ಜಿನ ಲೆಕ್ಕ ಕಂಪ್ಯೂಟರಿನ ಮೂಲಕ ಗಣಿ ಕಚೇರಿಗೆ ಹೋಗಬೇಕು. ಕಂಪ್ಲಿ ರಸ್ತೆಯ ಯಾರ್ಡಿನಲ್ಲೂ ಟಿ.ಬಿ. ಡ್ಯಾಂ ಕಚೇರಿಯಲ್ಲೂ ಹಾಗೆಯೇ. ಆ ಸಂಪರ್ಕ ಕಡಿಯದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಲೆಕ್ಕ ಹೋಗುವುದು ಗಾಜಿನ ಎಳೆಯ ಕೇಬಲಿನಲ್ಲಿ, ಬೆಳಕಾಗಿ. ಕೇಬಲಿನ ತುದಿಯನ್ನು ಸ್ವಿಚ್ಚಿಗೆ, ಅಂದರೆ ಕಂಪ್ಯೂಟರುಗಳನ್ನು ಜೋಡಿಸುವ ಸಾಲು ತೂತುಗಳ ಪೆಟ್ಟಿಗೆಗೆ, ಕೂಡಿಸಲು ನಡುವೆ ಕಿರುಬೆರಳಿನಷ್ಟು ಉದ್ದದ ಒಂದು ಲೋಹದ ತುಂಡು ಬೇಕು. ಅದನ್ನು ನಾವು ಮಾಡ್ಯೂಲ್ ಎನ್ನುತ್ತಿದ್ದೆವು. ಸ್ವಿಚ್ಚು ಮಾಡಿದ ಕಂಪನಿಯದ್ದೇ ಮಾಡ್ಯೂಲ್ ತರಿಸಿದರೆ ಎರಡು ತಿಂಗಳು ಕಾಯಬೇಕಿತ್ತು. ಬಳ್ಳಾರಿಯಿಂದ ಬಂದ ಮಾರಾಟಗಾರ ಬೇರೆ ಕಂಪನಿಯದ್ದನ್ನು ತೋರಿಸಿ, ಇದು ಯಾವ ಸ್ವಿಚ್ಚಿಗಾದರೂ ಕೂಡುತ್ತದೆ ಎಂದ. ನಾನು ನಂಬಿ ಇಪ್ಪತ್ನಾಲ್ಕು ತರಿಸಲು ಬರೆದುಕೊಟ್ಟೆ. ಕಾಗದದ ಕೆಳಗಿದ್ದದ್ದು ನನ್ನ ಸಹಿ.

ಫೆಬ್ರವರಿಯಿಂದ ಅವು ಒಂದೊಂದಾಗಿ ವಾಪಸು ಬರತೊಡಗಿದವು. ಮೂರೂ ಕಡೆಯ ಎಲೆಕ್ಟ್ರಿಶಿಯನ್‌ಗಳು ಹೇಳುತ್ತಿದ್ದದ್ದು ಒಂದೇ ಮಾತು, ಸತ್ತಿದೆ. ನಾನು ದಿನಚರಿಯಲ್ಲಿ ತಾರೀಕು, ಜಾಗ, ಸಂಖ್ಯೆ ಬರೆದು ಪಕ್ಕದಲ್ಲಿ ‘ಸತ್ತಿದೆ’ ಎಂದು ಸೇರಿಸುತ್ತಿದ್ದೆ. ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಲು ಸ್ಟೋರಿಗೆ ಹೋದರೆ ಕಾಕಾ ಹಳೆಯದರ ಬಾಯಿಗೆ ರಬ್ಬರಿನ ಮುಚ್ಚಳ ಇದೆಯೇ ಎಂದು ಮೊದಲು ನೋಡುವರು. ಇಲ್ಲದಿದ್ದರೆ ಹುಡುಕಿ ಹಾಕುವರು. ಆಮೇಲೆ ದಾರ ಎಳೆಯುವರು.

“ಯಾವ ಸ್ವಿಚ್ಚು? ಎಷ್ಟನೇ ತೂತು? ಹಾಕಿದಾಗ ಏನ್ ಮಾಡ್ತು?”

ಸತ್ತಿದೆ ಎಂದೆ.

“ಅದು ನೀವು ಅಂದಿದ್ದು. ಅದೇನ್ ಮಾಡ್ತು ಅಂತ ಕೇಳಿದೆ. ಚೀಟಿ ಇಲ್ದ ನಾ ಒಳಗ ಇಟ್ಕೊಳಂಗಿಲ್ರಿ ಮೇಡಮ್ಮಾರ.”

ಆ ಒಂದು ಚೀಟಿಗಾಗಿ ಜೀಪು ಹತ್ತಿ ಮತ್ತೆ ಸಂಡೂರಿನ ಗುಡ್ಡಕ್ಕೆ ಹೋಗಬೇಕು, ಎಲೆಕ್ಟ್ರಿಶಿಯನ್ನನ್ನು ಹುಡುಕಬೇಕು, ಎಷ್ಟನೇ ತೂತೆಂದು ಕೇಳಿ ನಗೆಪಾಟಲಾಗಬೇಕು. ಫೆಬ್ರವರಿಯಿಂದ ಜೂನ್‌ವರೆಗೆ ಬರೀ ಚೀಟಿಗಾಗಿ ನಾನು ಓಡಾಡಿದ್ದು ಹನ್ನೊಂದು ಸಲ. ಹಲ್ಲು ಕಚ್ಚಿ ಗೀಚಿ ಕೊಡುತ್ತಿದ್ದೆ. ಬರೆದದ್ದನ್ನು ತಿರುಗಿ ಓದುತ್ತಿರಲಿಲ್ಲ. ಕಾಕಾ ಅದನ್ನು ಮಡಚಿ ಮಾಡ್ಯೂಲಿನ ಕುತ್ತಿಗೆಗೆ ಎರಡು ಗಂಟು ಹಾಕಿ ಕಟ್ಟುತ್ತಿದ್ದರು.

ನನ್ನೊಬ್ಬಳಿಗೇ ಈ ಕಾಟ ಎಂದುಕೊಂಡಿದ್ದೆ. ಒಮ್ಮೆ ಟಿಪ್ಪರ್ ಡ್ರೈವರನೊಬ್ಬ ಹಾರನ್ ಕೆಟ್ಟಿದೆ, ಬೇರೆ ಕೊಡಿ ಎಂದು ಬಂದ. ಕಾಕಾ ಅದರ ತಂತಿಗಳನ್ನು ಸ್ಟೋರಿನ ಬ್ಯಾಟರಿಗೆ ಮುಟ್ಟಿಸಿದರು. ಶೆಡ್ಡಿನ ತಗಡೆಲ್ಲ ನಡುಗುವಂತೆ ಅದು ಕೂಗಿತು. “ಇದರ ಗಂಟಲು ಚಲೋ ಐತಲೇ, ನಿನ್ನ ಲಾರಿ ವಯರ್ ನೋಡ್ಕೊ ಹೋಗು” ಎಂದು ಕೈಯಲ್ಲಿಟ್ಟು ಕಳಿಸಿದರು. ಅವನು ಬೈದುಕೊಂಡು ಹೋದ. ನಾನು ಒಳಗೊಳಗೇ ಅವನ ಪಕ್ಷ.

ಜೂನ್ ಹೊತ್ತಿಗೆ ವಾಪಸು ಬಂದವು ಹದಿನಾಲ್ಕು. ಗುಡ್ಡದ ಒಂದು ವೇಬ್ರಿಡ್ಜಿನ ಸಂಪರ್ಕ ಪೂರಾ ನಿಂತಿತು. ತೂಕದ ಚೀಟಿಗಳನ್ನು ಕೈಯಲ್ಲಿ ಬರೆದು ಮೋಟಾರ್ ಸೈಕಲ್ಲಿನಲ್ಲಿ ಸಾಗಿಸತೊಡಗಿದರು. ಲಾರಿಗಳು ಇಳಿಜಾರಿನುದ್ದಕ್ಕೂ ನಿಂತವು. ಮಾರಾಟಗಾರ ಫೋನಿನಲ್ಲಿ, ನಮ್ಮ ಮಾಲು ಪರೀಕ್ಷೆ ಆಗಿಯೇ ಬಂದಿದೆ, ನಿಮ್ಮವರಿಗೆ ಹಾಕಲು ಬರುವುದಿಲ್ಲ ಎಂದ. ಮ್ಯಾನೇಜರ್ ನನ್ನನ್ನು ಕರೆಸಿ, ಸತ್ತ ಮಾಲು ತರಿಸಿದ್ದಕ್ಕೆ ಸೋಮವಾರದೊಳಗೆ ಲಿಖಿತ ಉತ್ತರ ಕೇಳಿದರು. ನನ್ನ ಕೆಲಸ ಆ ತಿಂಗಳ ಕೊನೆಗೆ ಕಾಯಂ ಆಗಬೇಕಿತ್ತು. ಉತ್ತರ ಸರಿಯಿಲ್ಲದಿದ್ದರೆ ಬರುವುದೇ ಬೇಡ ಎಂದೂ ಹೇಳಿದರು.

ಶುಕ್ರವಾರ ಮಧ್ಯಾಹ್ನ ಸ್ಟೋರಿಗೆ ಹೋಗಿ, ಹದಿನಾಲ್ಕನ್ನೂ ಕೊಡಿ, ಗುಜರಿಗೆ ಹಾಕಲು ಬರೆದುಕೊಡುತ್ತೇನೆ ಎಂದೆ. ಕಾಕಾ ಹಳೆಯ ಪೇಪರು ಹಾಸಿ ಅವನ್ನು ಸಾಲಾಗಿ ಜೋಡಿಸಿದರು.

“ಕುಂದ್ರಿ. ಚೀಟಿ ಓದ್ರಿ, ಜೋರಾಗಿ.”

“ಕಾಕಾ, ನನಗ ಟೈಮ್ ಇಲ್ಲ.”

“ನನಗ ಕನ್ನಡಕ ಇಲ್ಲ. ಓದ್ರಿ.”

ಕನ್ನಡಕ ಅವರ ಹಣೆಯ ಮೇಲಿತ್ತು. ತಗಡಿನ ಶೆಡ್ಡಿನಲ್ಲಿ ಜೂನಿನ ಸೆಕೆ. ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಓದಿದೆ. ಗುಡ್ಡ, ಬೂದು ಸ್ವಿಚ್ಚು, ಮೂರನೇ ತೂತು, ಕಿತ್ತಳೆ ದೀಪ. ಕಂಪ್ಲಿ ಯಾರ್ಡು, ಬೂದು ಸ್ವಿಚ್ಚು, ಒಂದನೇ ತೂತು, ಕಿತ್ತಳೆ ದೀಪ. ಡ್ಯಾಂ ಕಚೇರಿ, ಬೂದು ಸ್ವಿಚ್ಚು. ಐದನೆಯದಕ್ಕೆ ಬರುವಷ್ಟರಲ್ಲಿ ನನ್ನ ದನಿ ನಿಧಾನವಾಯಿತು. ಒಂಬತ್ತನೆಯದೂ ಬೂದು. ಹದಿನಾಲ್ಕನೆಯದೂ ಬೂದು.

ಕಾಕಾ ತಮ್ಮ ಪುಸ್ತಕ ತೆರೆದು ಬೆರಳಿಟ್ಟರು. “ಉಳಿದ ಹತ್ತು ಕರೇ ಸ್ವಿಚ್ಚಿಗೆ ಹೋಗ್ಯಾವ. ಅದರಾಗ ಒಂದೂ ತಿರುಗಿ ಬಂದಿಲ್ಲ. ಯಾಕ್ರಿ? ನನಗ ನಿಮ್ಮ ವಿದ್ಯಾ ಗೊತ್ತಿಲ್ಲ, ಅದಕ್ಕ ಕೇಳಾಕತ್ತೀನಿ.”

ನನ್ನ ದಿನಚರಿಯಲ್ಲಿ ತಾರೀಕಿತ್ತು, ಜಾಗವಿತ್ತು, ಸಂಖ್ಯೆಯಿತ್ತು. ಯಾವ ಸ್ವಿಚ್ಚು ಎಂಬ ಕಾಲಂ ಇರಲಿಲ್ಲ. ಮೂರೂ ಕಡೆ ಎರಡೆರಡು ಕಂಪನಿಯ ಸ್ವಿಚ್ಚುಗಳಿದ್ದವು. ಬೂದು ಬಣ್ಣದವು ಮಾಡ್ಯೂಲಿನೊಳಗೆ ಬರೆದಿರುವ ತಯಾರಕನ ಹೆಸರನ್ನು ಓದಿ, ತಮ್ಮ ಕಂಪನಿಯದಲ್ಲದಿದ್ದರೆ ಕಿತ್ತಳೆ ದೀಪ ಹೊತ್ತಿಸಿ ಆ ತೂತನ್ನೇ ಮುಚ್ಚಿಬಿಡುತ್ತಿದ್ದವು. ಕಪ್ಪು ಸ್ವಿಚ್ಚುಗಳು ಯಾರು ಬಂದರೂ ಒಳಗೆ ಬಿಟ್ಟುಕೊಳ್ಳುತ್ತಿದ್ದವು. ಇದೆಲ್ಲ ಸ್ವಿಚ್ಚಿನ ಜೊತೆ ಬಂದ ಪುಸ್ತಕದಲ್ಲೇ ಇತ್ತು. ಅದನ್ನೂ ನಾನು ಓದಿರಲಿಲ್ಲ.

ಶನಿವಾರ ಹದಿನಾಲ್ಕನ್ನೂ ಡ್ಯಾಂ ಕಚೇರಿಗೆ ಒಯ್ದು ಕಪ್ಪು ಸ್ವಿಚ್ಚಿಗೆ ಒಂದೊಂದಾಗಿ ಹಾಕಿದೆ. ಹದಿನಾಲ್ಕಕ್ಕೂ ಹಸಿರು ದೀಪ. ಬೂದು ಸ್ವಿಚ್ಚಿನ ಕಂಪನಿಯದ್ದೇ ಆದ ಹಳೆಯ ಮಾಡ್ಯೂಲ್‌ಗಳು ಕೆಲವು ಕಪ್ಪು ಸ್ವಿಚ್ಚುಗಳಲ್ಲಿ ಸುಮ್ಮನೆ ದುಡಿಯುತ್ತಿದ್ದವು. ಅವನ್ನು ತೆಗೆದು ಇವನ್ನು ಕೂರಿಸಿ, ತೆಗೆದವನ್ನು ಗುಡ್ಡದ ಬೂದು ಸ್ವಿಚ್ಚಿಗೆ ಒಯ್ದೆ. ಭಾನುವಾರ ಮಧ್ಯಾಹ್ನ ವೇಬ್ರಿಡ್ಜು ಶುರುವಾಯಿತು, ಲಾರಿಗಳ ಸಾಲು ಕದಲಿತು. ಸೋಮವಾರ ನಾನು ಕೊಟ್ಟ ಉತ್ತರ ಅರ್ಧ ಪುಟದ್ದು. ಜೊತೆಗೆ ಹದಿನಾಲ್ಕು ಚೀಟಿಗಳ ನಕಲು. ತಿಂಗಳ ಕೊನೆಗೆ ಕೆಲಸ ಕಾಯಂ ಆಯಿತು.

ಪೇಡೆ ತೆಗೆದುಕೊಂಡು ಸ್ಟೋರಿಗೆ ಹೋದೆ. ಕಾಕಾ ಒಂದನ್ನು ಬಾಯಿಗೆ ಹಾಕಿಕೊಂಡು, ಆ ಹದಿನಾಲ್ಕರ ಹೊಸ ಚೀಟಿ ಎಲ್ಲಿ ಎಂದರು. ಅವು ಈಗ ನಡೆಯುತ್ತಿವೆಯಲ್ಲ ಎಂದೆ.

“ನಡೆದದ್ದನ್ನ ಬರೀಲಿಲ್ಲಂದ್ರ ನಡೀಲಾರದ್ದು ತಿಳಿಯೋದು ಹೆಂಗ್ರಿ?”

ಮತ್ತೆ ಗುಡ್ಡ, ಮತ್ತೆ ಯಾರ್ಡು, ಮತ್ತೆ ತೂತಿನ ನಂಬರು. ಹನ್ನೆರಡನೆಯ ಓಡಾಟ. ಅವತ್ತಿನ ಪುಟದಲ್ಲೂ ಅವರನ್ನು ಬೈದಿದ್ದೇನೆ.

ಎರಡು ವರ್ಷದ ಮೇಲೆ ಒಂದು ಬುಧವಾರ ಅವರು ಕೆಲಸಕ್ಕೆ ಬರಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ ಕೂತವರು ಎದೆ ಹಿಡಿದುಕೊಂಡು ಹಾಗೆಯೇ ಹೋಗಿಬಿಟ್ಟರಂತೆ. ಹದಿನೈದು ದಿನಕ್ಕೆ ಹೊಸ ಸ್ಟೋರ್ ಕೀಪರ್ ಬಂದರು. ಅಚ್ಚುಕಟ್ಟಿನ ಮನುಷ್ಯ. ಶೆಲ್ಫುಗಳನ್ನು ಒರೆಸಿ, ಕೊಳಕು ದಾರಗಳನ್ನೆಲ್ಲ ಕತ್ತರಿಸಿ, ಚೀಟಿಗಳನ್ನು ಸುಟ್ಟು, ಇದ್ದಬದ್ದ ಮಾಡ್ಯೂಲ್‌ಗಳನ್ನೆಲ್ಲ ಒಂದೇ ಚೀಲಕ್ಕೆ ಸುರಿದಿದ್ದರು. ಎಣಿಸಿದೆ. ಎರಡು ವರ್ಷದಲ್ಲಿ ಕೂಡಿದ್ದವೂ ಸೇರಿ ನಲವತ್ತೊಂದು. ಯಾವುದು ಎಲ್ಲಿ ನಡೆಯುತ್ತದೆ ಎಂದು ತಿಳಿಯಲು ಒಂದೊಂದನ್ನೂ ಎರಡೂ ಸ್ವಿಚ್ಚಿಗೆ ಹಾಕಿ ನೋಡಬೇಕಾಯಿತು. ನಾಲ್ಕು ದಿನ ಹಿಡಿಯಿತು. ಎರಡನೆಯ ದಿನ ರೋಸಿಹೋಗಿ ಕಾಕಾನನ್ನೇ ಬೈದೆ, ಹೋಗುವ ಮುಂಚೆ ಒಂದು ಪಟ್ಟಿ ಬರೆದಿಡಬಾರದಿತ್ತೇ ಎಂದು. ಬೈದ ಮೇಲೆ ನೆನಪಾಯಿತು. ಬರೆದಿಟ್ಟಿದ್ದರು, ಒಂದೊಂದರ ಕುತ್ತಿಗೆಯಲ್ಲೂ.

ಅವತ್ತು ಸಂಜೆ ಬಜಾರಿಗೆ ಹೋಗಿ ಒಂದು ಉಂಡೆ ಬಿಳಿ ದಾರ ತಂದೆ. ನಾಲ್ಕನೆಯ ದಿನ ಮುಗಿಯುವಾಗ ನಲವತ್ತೊಂದು ಚೀಟಿ, ಒಂದೊಂದಕ್ಕೂ ಎರಡು ಗಂಟು. ಉಳಿದ ದಾರ ನನ್ನ ಬ್ಯಾಗಿನಲ್ಲಿದೆ. ಈಗ ಅದೂ ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ.