ಅಡುಗೆ ಮಾನಮ್ಮ ಫೋನಿನಿಂದ ಅಕ್ಷರ ಕಲಿತದ್ದು

ಮಾನ್ವಿಯ ಒಂದು ಸರ್ಕಾರಿ ಶಾಲೆಯಲ್ಲಿ ಮಾನಮ್ಮ ಹದಿನಾರು ವರ್ಷಗಳಿಂದ ಬಿಸಿಯೂಟ ಬೇಯಿಸುತ್ತಾಳೆ. ಅಡುಗೆ ಕೋಣೆಯ ಕಿಟಕಿಗೆ ಎದುರಾಗಿಯೇ ಒಂದನೇ ತರಗತಿ. ಅಲ್ಲಿಂದ ದಿನಾ ಬೆಳಿಗ್ಗೆ ‘ಅ ಆ ಇ ಈ’ ಕೇಳಿಬರುತ್ತದೆ. ಯಾವ ಮಗು ಯಾವ ಅಕ್ಷರ ಹಾರಿಸಿತು ಅನ್ನುವುದು ಅವಳಿಗೆ ಸಾರಿಗೆ ಒಗ್ಗರಣೆ ಹಾಕುತ್ತಲೇ ಗೊತ್ತಾಗುತ್ತಿತ್ತು. ಆದರೆ ‘ಅ’ ನೋಡಲು ಹೇಗಿರುತ್ತದೆ ಎಂದು ಕೇಳಿದ್ದರೆ ಅವಳಿಗೆ ಗೊತ್ತಿರಲಿಲ್ಲ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಅವಳು ಅಕ್ಕ ಹುಲಗೆಮ್ಮನ ಜೊತೆ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಮದುವೆಯಾಗಿ, ಮಗಳು ಕಲ್ಯಾಣಿ ಓದಿ ರಾಯಚೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆದರೂ ಅವ್ವನದು ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟೇ.

ಕಲ್ಯಾಣಿ ತನ್ನ ಹಳೆಯ ಫೋನು ತಂದುಕೊಟ್ಟಾಗ, ಇದಕ್ಕೆ ಅಕ್ಷರವೇ ಬೇಕಿಲ್ಲ ಎನ್ನುವುದು ಮಾನಮ್ಮನಿಗೆ ಬಲು ಹಿಡಿಸಿತು. ಮಗಳಿಗೆ ಫೋನು ಮಾಡಬೇಕಾದರೆ ಬಿಳಿ ಕೋಟಿನ ಚಿತ್ರ ಒತ್ತಬೇಕು. ಜೊತೆಗೆ ಅಡುಗೆ ಮಾಡುವ ಮುನವ್ವರ್ ಬೀಗೆ ಮಾಡಬೇಕಾದರೆ ಗುಲಾಬಿ ಹೂವು. ಮನೆಯವರ ಗ್ರೂಪಿಗೆ ಬಾಬಾಸಾಹೇಬರ ಭಾವಚಿತ್ರ, ಶಾಲೆಯ ಗ್ರೂಪಿಗೆ ಶಾಲೆಯ ಗೇಟು. ಉಂಡ ಮೇಲೆ ಗಂಡ ಪಕೀರಪ್ಪ ಕುಸ್ತಿ ನೋಡಿದರೆ, ಅವಳು ಯಾರೋ ಎಲ್ಲೋ ಎಣಗಾಯಿ ಮಾಡುವುದನ್ನು ನೋಡಿ ‘ಎಣ್ಣಿ ಸಾಲಲ್ಲ ಬೇ’ ಎಂದು ಫೋನಿಗೇ ಬುದ್ಧಿ ಹೇಳುತ್ತಿದ್ದಳು.

ನವೆಂಬರಿನಲ್ಲಿ ಸಂವಿಧಾನ ದಿನ ಬಂತು. ಹೆಡ್‌ ಟೀಚರ್ ನೇತ್ರಾವತಿಯವರು ಶಾಲೆಯ ಗ್ರೂಪಿನ ಗೇಟು ತೆಗೆದು ಬಾಬಾಸಾಹೇಬರ ಚಿತ್ರ ಹಾಕಿದರು. ಮಾನಮ್ಮ ಅದನ್ನು ಗಮನಿಸಲಿಲ್ಲ.

ಅದಾದ ನಾಲ್ಕನೆಯ ದಿನ ಅಕ್ಕಿಯ ಕೊನೆಯ ಚೀಲ ಖಾಲಿಯಾಯಿತು. ನೇತ್ರಾವತಿಯವರು ರಾಯಚೂರಿನಲ್ಲಿ ಮೀಟಿಂಗಿಗೆ ಹೋಗಿದ್ದರು. ಫೋನು ಮಾಡಿದರೆ, “ಸಾಹೇಬ್ರು ಎದುರಿಗೇ ಅದಾರ ಮಾನಮ್ಮ, ಕೇಳಾಕ ಆಗಲ್ಲ, ಬರದು ಹಾಕು,” ಎಂದು ಪಿಸುಗುಟ್ಟಿ ಇಟ್ಟುಬಿಟ್ಟರು. ಬರೆಯುವುದು ಹೇಗೆ? ಮೈಕಿನ ಗುರುತು ಒತ್ತಿ ಮಾತಾಡಿದರೆ ಫೋನೇ ಬರೆದುಕೊಳ್ಳುತ್ತದೆ ಎಂದು ಕಲ್ಯಾಣಿ ಒಮ್ಮೆ ತೋರಿಸಿದ್ದಳು. ಮಾನಮ್ಮ ಒತ್ತಿ, ಗಂಟಲು ಸರಿಮಾಡಿಕೊಂಡು, “ಅಕ್ಕಿ ತೀರಿ ಹೋದ್ವು, ಲಗೂನ ಬರ್ರಿ,” ಎಂದಳು. ಸಾಲೊಂದು ಮೂಡಿತು. ಕಳಿಸಿದಳು. ಫೋನನ್ನು ಚಾರ್ಜಿಗಿಟ್ಟು ಪಾತ್ರೆ ತಿಕ್ಕಲು ಹೊರಗೆ ಹೋದಳು.

ಫೋನು ಬರೆದದ್ದು ‘ಅಕ್ಕ ತೀರಿ ಹೋದರು ಲಗುನ ಬರ್ರಿ’ ಎಂದು. ಹೋದದ್ದು ಮನೆಯವರ ಗ್ರೂಪಿಗೆ.

ಅರ್ಧ ಗಂಟೆಯಲ್ಲಿ ಇಪ್ಪತ್ತೆಂಟು ಜನ ಕೈಮುಗಿದ ಚಿತ್ರ ಹಾಕಿದರು. ಏನಾಗಿತ್ತು, ಎಷ್ಟೊತ್ತಿಗೆ ಎಂದು ಒಬ್ಬರೂ ಕೇಳಲಿಲ್ಲ. ಕಲ್ಯಾಣಿ ಅವ್ವನಿಗೆ ಏಳು ಸಲ ಫೋನು ಮಾಡಿ, ಎತ್ತದಿದ್ದಾಗ ಅಳುತ್ತಲೇ ರಜೆ ಬರೆದಿಟ್ಟು ದೇವದುರ್ಗದ ಬಸ್ಸು ಹತ್ತಿದಳು. ಹುಲಗೆಮ್ಮ ದೊಡ್ಡವ್ವನ ಮನೆ ಇರುವುದು ಅಲ್ಲಿ. ಅವಳಲ್ಲಿ ಫೋನೇ ಇರಲಿಲ್ಲ.

ಕಲ್ಯಾಣಿ ಓಣಿಗೆ ಬರುವಷ್ಟರಲ್ಲಿ ಹತ್ತು ಹನ್ನೆರಡು ಜನ ಬಂಧುಗಳು ಮೂಲೆಯಲ್ಲಿ ಗುಂಪಾಗಿದ್ದರು. ಇಬ್ಬರ ಕೈಯಲ್ಲಿ ಹೂವಿನ ಹಾರ. ಎಲ್ಲರೂ ಒಟ್ಟಿಗೆ ಅಂಗಳಕ್ಕೆ ಬಂದು ನೋಡಿದರೆ ಹುಲಗೆಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಾಳೆ! ಹಾರ ಕಂಡು ಅವಳು ಮೊರ ಕೆಳಗಿಟ್ಟಳು.

“ಯಾರ್ರೋ ಯಪ್ಪಾ, ಯಾರು ಹೋದ್ರು?”

ಕಲ್ಯಾಣಿ, “ನೀನಽ ಬೇ ದೊಡ್ಡವ್ವಾ,” ಎಂದು ಅವಳ ಕೊರಳಿಗೆ ಜೋತುಬಿದ್ದು ಅತ್ತಳು, ನಕ್ಕಳು. ಮಾನಮ್ಮ ಕೊನೆಗೆ ಫೋನು ಎತ್ತಿ, ತೀರಿದ್ದು ಅಕ್ಕಿ ಎಂದು ಹೇಳಿದ ಮೇಲೆ ಹುಲಗೆಮ್ಮ ಹಾರ ಇಸಿದುಕೊಂಡು ಅಲ್ಲಿದ್ದ ಬುದ್ಧನ ಪಟಕ್ಕೆ ಹಾಕಿ, ಬಂದವರನ್ನೆಲ್ಲ ಕೂಡಿಸಿ ರೊಟ್ಟಿ ಬಡಿದಳು. ಸಂಜೆ ಕಲ್ಯಾಣಿಯ ಫೋನಿನಿಂದ ತಂಗಿಯ ಜೊತೆ ಮಾತಾಡಿದಳು. “ಏನ ಬೇ ಮಾನೀ, ನನ್ನ ಮಣ್ಣಿಗೆ ಬಂದೋರಿಗೆ ನಾನಽ ರೊಟ್ಟಿ ಬಡದು ಬಡದು ಕೈ ಬಿದ್ದು ಹೋಗ್ಯಾವ. ಮುಂದಿನ ಸಲ ಒಂದು ಮಾತು ಹೇಳಿ ಸಾಯಸು.”

ಅಕ್ಕ ನಕ್ಕಳು. ಮಾನಮ್ಮನೂ ನಕ್ಕಳು. ಆದರೆ ಫೋನಿಟ್ಟ ಮೇಲೆ ಆ ಸಾಲನ್ನು ಮತ್ತೆ ತೆರೆದು ನೋಡಿದಳು. ತನ್ನ ಕೈಯಿಂದಲೇ ಹೋದ ಮಾತು, ಅದರಲ್ಲಿ ಏನಿದೆ ಎಂದು ಊರಿಗೆಲ್ಲ ಗೊತ್ತಾಗಿತ್ತು, ತನಗೆ ಮಾತ್ರ ಗೊತ್ತಿರಲಿಲ್ಲ. ಹದಿನಾರು ವರ್ಷದ ಹೆಬ್ಬೆಟ್ಟಿಗೆ ಇಷ್ಟು ನಾಚಿಕೆ ಎನಿಸಿರಲಿಲ್ಲ.

ಮರುದಿನ ಹೊಸ ಅಕ್ಕಿ ಬಂದು, ಮಕ್ಕಳು ಉಂಡು ಹೋದ ಮೇಲೆ ಅವಳು ಮುನವ್ವರ್ ಬೀಯನ್ನು ಪಕ್ಕದಲ್ಲಿ ಕೂಡಿಸಿಕೊಂಡಳು. ಒಂದು ತಾಟಿನಲ್ಲಿ ಅಕ್ಕಿ ಹರಡಿದಳು. ಮೈಕು ಒತ್ತಿ, “ಅಕ್ಕಿ,” ಎಂದಳು. ಮೂಡಿದ ಅಕ್ಷರ ನೋಡಿ ನೋಡಿ ಅಕ್ಕಿಯ ಮೇಲೆ ಬೆರಳಿನಿಂದ ಬರೆದಳು. ಆಮೇಲೆ, “ಅಕ್ಕ,” ಎಂದಳು. ಎರಡನ್ನೂ ಹೋಲಿಸಿದಳು.

“ಇಷ್ಟಽ ಇಷ್ಟು ಒಂದು ಗುಡಿಸಿನ ಸಲುವಾಗಿ ನಮ್ಮಕ್ಕನ್ನ ಕೊಂದು ಹಾಕಿದ್ನಲ್ಲ!”

ಮುನವ್ವರ್ ಬೀ ಚಿಕ್ಕಂದಿನಲ್ಲಿ ಉರ್ದು ಅಕ್ಷರ ಕಲಿತಿದ್ದಳು, ಕನ್ನಡ ಬರುತ್ತಿರಲಿಲ್ಲ. ಅವಳಿಗೂ ಹುರುಪು ಬಂತು. ದಿನಕ್ಕೆ ಐದು ಮಾತು ಎಂದು ಇಬ್ಬರೂ ಗೊತ್ತು ಮಾಡಿಕೊಂಡರು. ಉಪ್ಪು, ಬ್ಯಾಳಿ, ಎಣ್ಣಿ, ಮನಿ, ನೀರು. ಅಲ್ಲೊಂದು ತೊಡಕು. ಇವರು ಎಣ್ಣಿ ಎಂದರೆ ಫೋನು ಎಣ್ಣೆ ಎಂದು ಬರೆಯುತ್ತಿತ್ತು, ಬ್ಯಾಳಿಗೆ ಬೇಳೆ.

“ಇದು ನಮ್ಮ ಕಡೀದಲ್ಲ ಬಿಡು, ಬೆಂಗ್ಳೂರ್ ಕಡೀದು,” ಎಂದು ಮುನವ್ವರ್ ಬೀ ತೀರ್ಪು ಕೊಟ್ಟಳು.

ಮಾನಮ್ಮ ಅದನ್ನು ಅಷ್ಟಕ್ಕೆ ಬಿಡದೆ ಹೆಡ್‌ ಟೀಚರ್ ಹತ್ತಿರ ಹೋದಳು. “ನಾ ಅಂದಿದ್ದನ್ನ ಇದು ತಿದ್ದಾಕತ್ತದ್ರಿ. ನಾ ಏನು ತಪ್ಪು ಅಂದೀನೇನ್ರಿ?”

ನೇತ್ರಾವತಿಯವರು ನಕ್ಕು, “ತಪ್ಪಲ್ಲವ್ವಾ. ಪುಸ್ತಕದಾಗ ಬೇಳೆ, ಬಾಯಾಗ ಬ್ಯಾಳಿ. ಎರಡೂ ನಿನ್ನವಽ,” ಎಂದರು. ಜೊತೆಗೊಂದು ಪಾಟಿ, ಬಳಪ ಕೊಟ್ಟರು.

ಮನೆಯಲ್ಲಿ ಪಕೀರಪ್ಪನ ಕುಸ್ತಿ ನಿಂತುಹೋಯಿತು. ನಾಲ್ಕನೇ ಇಯತ್ತೆ ಓದಿದವನೆಂದು ಅವನನ್ನೇ ಮಾಸ್ತರ ಮಾಡಿದರೆ ಅವನಿಗೆ ಒತ್ತಕ್ಷರ ಅರ್ಧ ಮರೆತಿದ್ದವು. ಹೆಂಡತಿಯ ಮುಂದೆ ಸೋಲಬಾರದೆಂದು ಅವನೂ ಗುಟ್ಟಾಗಿ ಪಾಟಿ ನೋಡಿಕೊಳ್ಳತೊಡಗಿದ. ಮೊದಲು ಎರಡು ತಾಸು ಸುಮ್ಮನೆ ವಿಡಿಯೋ ಸರಿಸುತ್ತಿದ್ದ ಮಾನಮ್ಮನ ಬೆರಳು ಈಗ ಅಕ್ಷರ ಕಂಡಲ್ಲಿ ನಿಲ್ಲುತ್ತಿತ್ತು. ಓದಿ ಮುಗಿಸುವ ಮೊದಲೇ ಅಕ್ಷರ ಮಾಯವಾದರೆ, “ತಡಿಯೋ ಯಪ್ಪಾ, ಓದಾಕತ್ತೀನಿ,” ಎಂದು ಗದರುತ್ತಿದ್ದಳು. ಒಂದು ವಿಡಿಯೋಕ್ಕೆ ಹತ್ತು ನಿಮಿಷವಾಗತೊಡಗಿ, ನೋಡುವುದೇ ಕಡಿಮೆಯಾಯಿತು. ಬೇಸಿಗೆ ರಜೆಯಲ್ಲಿ ಮಗಳ ಮನೆಗೆ ಹೊರಟಾಗ ಬಸ್‌ ನಿಲ್ದಾಣದಲ್ಲಿ ಯಾರನ್ನೂ ಕೇಳದೆ ‘ರಾ–ಯ–ಚೂ–ರು’ ಎಂದು ಬೋರ್ಡು ಓದಿ ಹತ್ತಿದಳು. ಸೀಟು ಸಿಗಲಿಲ್ಲ; ಓದುವಷ್ಟರಲ್ಲಿ ಬಸ್ಸು ತುಂಬಿತ್ತು. ರಾಯಚೂರಿನ ತನಕ ನಿಂತುಕೊಂಡೇ ಹೋದಳು, ಅಂಗಡಿಯ ಬೋರ್ಡುಗಳನ್ನೆಲ್ಲ ಓದುತ್ತ.

ಜುಲೈ ತಿಂಗಳಲ್ಲಿ, ಮಾನಮ್ಮನನ್ನೂ ಸೇರಿಸಿದ್ದ ಶಾಲೆಯ ಪಾಲಕರ ಗ್ರೂಪಿಗೆ ಒಂದು ವಿಡಿಯೋ ಬಂತು. ಯಾರದೋ ಕೈ ನೀರಿಗೆ ಅಕ್ಕಿ ಹಾಕುತ್ತದೆ, ಕೆಲವು ಕಾಳು ತೇಲುತ್ತವೆ. ‘ಶಾಲೆಯಲ್ಲಿ ನಿಮ್ಮ ಮಕ್ಕಳಿಗೆ ಪ್ಲಾಸ್ಟಿಕ್ ಅಕ್ಕಿ’ ಎಂದು ಒಂದು ದನಿ ಕೂಗುತ್ತದೆ. ಮರುದಿನ ಅರ್ಧಕ್ಕರ್ಧ ಮಕ್ಕಳು ಮನೆಯಿಂದ ಬುತ್ತಿ ತಂದರು. ನಾಲ್ಕನೇ ತರಗತಿಯ ಗುಲ್ಫಶಾ, ದಿನಾ ಎರಡು ಸಲ ಸಾರು ಹಾಕಿಸಿಕೊಳ್ಳುವವಳು, ತಾಟು ಹಿಂದಕ್ಕಿಟ್ಟುಕೊಂಡು, “ಬ್ಯಾಡ ಅಂದಾಳ ನಮ್ಮಮ್ಮಿ,” ಎಂದಳು. ಬೋಗುಣಿ ತುಂಬ ಅನ್ನ ಉಳಿಯಿತು.

ನೇತ್ರಾವತಿಯವರು ಉದ್ದನೆಯ ಪ್ರಕಟಣೆ ಬರೆದು ಗ್ರೂಪಿಗೆ ಹಾಕಿದರು. ಅದನ್ನು ಪೂರ್ತಿ ಓದಿದವರು ಯಾರೂ ಇದ್ದಂತೆ ಕಾಣಲಿಲ್ಲ. ವಿಡಿಯೋ ಮಾತ್ರ ಮತ್ತೆ ಮೂರು ಸಲ ಬಂತು.

ಮಾನಮ್ಮ ಅಕ್ಕಿಯ ಚೀಲದ ಮುಂದೆ ಕೂತಳು. ಅದರ ಮೇಲಿನ ಮೊದಲ ಮಾತೇ ಕಷ್ಟದ್ದು. ‘ಸಾ–ರ–ವ’ ತನಕ ಬಂದು ನಿಂತಳು. ಧಿ ಆದ ಮೇಲೆ ಕೊಕ್ಕೆಯಂಥ ಅರ್ಕಾವತ್ತು. ಕೊನೆಗೆ ಬರೆದರೂ ಅದನ್ನು ಮೊದಲು ಅನ್ನಬೇಕೆಂದು ಪಕೀರಪ್ಪ ಹೇಳಿಕೊಟ್ಟಿದ್ದ. “ಸಾರವರ್ಧಿತ ಅಕ್ಕಿ!” ಎಂದು ಗಟ್ಟಿಯಾಗಿ ಓದಿ, ಟೀಚರನ್ನು ಕರೆದು ಅರ್ಥ ಕೇಳಿದಳು. ಅಕ್ಕಿಯ ಹಿಟ್ಟಿಗೆ ಕಬ್ಬಿಣದ ಸತ್ವ, ಜೀವಸತ್ವ ಸೇರಿಸಿ ಮತ್ತೆ ಕಾಳು ಮಾಡಿ ಬೆರೆಸುತ್ತಾರೆ, ಹಗುರವಾದ ಕೆಲವು ತೇಲಬಹುದು ಎಂದು ಅವರು ತಿಳಿಸಿದರು.

ಆಗ ಮಾನಮ್ಮ ಫೋನು ತೆಗೆದಳು. ಮೈಕು ಮುಟ್ಟಲಿಲ್ಲ. ಗ್ರೂಪಿನ ಹೆಸರನ್ನು ಎರಡು ಸಲ ಓದಿ ನೋಡಿಕೊಂಡು, ಒಂದೊಂದೇ ಅಕ್ಷರ ಒತ್ತಿ, ಇಪ್ಪತ್ತು ನಿಮಿಷಕ್ಕೆ ಇಷ್ಟು ಬರೆದಳು: ‘ನಾನು ಅಡಗಿ ಮಾನಮ್ಮ. ಪ್ಲಾಸಟಿಕ ಅಲ್ರಿ. ದಿನಾ ನಾನು ಉಂತೀನಿ. ನಾಳಿ ಬರ್ರಿ ನೋಡ್ರಿ ಉಣ್ಣರಿ.’

ನಾಲ್ಕೇ ಸಾಲು. ಎಲ್ಲರೂ ಓದಿದರು.

ಮರುದಿನ ಹದಿನಾಲ್ಕು ಮಂದಿ ತಾಯಂದಿರು ಬಂದರು. ಮುಂದೆ ಗುಲ್ಫಶಾಳ ತಾಯಿ ಉಮ್ಮೇ ಕುಲ್ಸುಮ್, ವಿಡಿಯೋ ತೆರೆದ ಫೋನು ಹಿಡಿದುಕೊಂಡೇ ನಿಂತಿದ್ದಳು. ಮಾನಮ್ಮ ಎಲ್ಲರೆದುರು ಅಕ್ಕಿಯನ್ನು ನೀರಿಗೆ ಹಾಕಿದಳು. ಕೆಲವು ತೇಲಿದವು.

“ನೋಡು, ತೇಲಾಕತ್ತಾವಲ್ಲ!” ಎಂದಳು ಉಮ್ಮೇ ಕುಲ್ಸುಮ್.

“ತೇಲಲಿ ಬಿಡು. ಪ್ಲಾಸ್ಟಿಕ್ ಆದ್ರ ಬಿಸಿಗೆ ಕರಗಬೇಕೋ ಬ್ಯಾಡೋ?” ಎಂದು ಮಾನಮ್ಮ ಅವನ್ನೇ ಆರಿಸಿ ಕಾದ ಹಂಚಿನ ಮೇಲೆ ಹಾಕಿದಳು. ಅವು ಕರಗಲಿಲ್ಲ. ಕೆಂಪಗಾಗಿ, ಹುರಿಹಿಟ್ಟಿನ ವಾಸನೆ ಬಂತು. ಉಮ್ಮೇ ಕುಲ್ಸುಮ್ ಎರಡು ಕಾಳು ಬಾಯಿಗೆ ಹಾಕಿಕೊಂಡು ಅಗಿದು, ಮೆಲ್ಲಗೆ, “ಇದು ಅಕ್ಕೀನಽ ಅದ,” ಎಂದಳು. ಆಮೇಲೆ ಫೋನು ತಿರುಗಿಸಿ, “ಇನ್ನೊಮ್ಮಿ ಹಾಕು ಅಕ್ಕಾ, ವಿಡಿಯೋ ಹಿಡಿತೀನಿ.”

“ತಡಿ, ಸೆರಗು ಸರಿ ಮಾಡ್ಕೊತೀನಿ,” ಎಂದಳು ಮಾನಮ್ಮ.

ಹದಿನಾಲ್ಕೂ ಮಂದಿ ಮಕ್ಕಳ ಸಾಲಿನಲ್ಲೇ ಕೂತು ಉಂಡರು. ಗುಲ್ಫಶಾ ತಾಯಿಯ ಪಕ್ಕದಲ್ಲಿ ಕೂತು ಎರಡು ಸಲ ಸಾರು ಹಾಕಿಸಿಕೊಂಡಳು. ವಾರದೊಳಗೆ ಬುತ್ತಿ ಡಬ್ಬಿಗಳು ಶಾಲೆಗೆ ಬರುವುದು ನಿಂತಿತು.

ಈಗ ಹಾಜರಿ ಪುಸ್ತಕದಲ್ಲಿ ಮಾನಮ್ಮನ ಸಹಿ ಇದೆ, ಅದರ ಕೆಳಗೆ ಮುನವ್ವರ್ ಬೀಯದೂ. ದಿನಾ ಹತ್ತು ಗಂಟೆಗೆ ಮಾನಮ್ಮ ಪಾಲಕರ ಗ್ರೂಪಿಗೆ ಅವತ್ತಿನ ಅಡುಗೆ ಏನೆಂದು ಬರೆದು ಹಾಕುತ್ತಾಳೆ. ಒಮ್ಮೆ ಒಬ್ಬ ತಂದೆ ‘ಬ್ಯಾಳಿ ಅಲ್ಲ, ಬೇಳೆ ಎಂದು ಬರೆಯಿರಿ’ ಎಂದು ತಿದ್ದಿದ. ಮಾನಮ್ಮ, ‘ಬರ್ರಿ ಸರ, ಮದಲು ಉಣ್ಣರಿ, ಆಮ್ಯಾಲ ತಿದ್ದರಿ’ ಎಂದು ಬರೆದಳು. ಅವನು ಶನಿವಾರ ಬಂದ, ಹೊಟ್ಟೆ ತುಂಬ ಉಂಡ, ತಿದ್ದುವುದನ್ನು ಮರೆತು ಮನೆಗೆ ಹೋದ.