ಮಳೆಗಾಲದಲ್ಲಿ ಆರುವ ಒಲೆ

ನನ್ನ ತಂಗಿ ಸವಿತಾ ಬರೆದ ಯೋಜನೆ ಸರಿಯಾಗಿತ್ತು. ಕೆಡಿಸಿದವನು ನಾನು. ಬ್ಯಾಂಕಿನ ಮ್ಯಾನೇಜರು ನನ್ನನ್ನೇ ನೋಡಿ ಒಂದು ಪ್ರಶ್ನೆ ಕೇಳಿದಾಗ ‘ಇಲ್ಲ’ ಎನ್ನಬೇಕಿತ್ತು, ಅನ್ನಲಿಲ್ಲ. ಮುಂದೆ ಅದೇ ಮಾತಿಗೆ ಅವಳು ಸುಳ್ಳುಗಾರ್ತಿ ಅನ್ನಿಸಿಕೊಂಡಾಗ ‘ಹೇಳಿದವನು ನಾನು’ ಎನ್ನಬೇಕಿತ್ತು. ಅದನ್ನೂ ಅನ್ನಲಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಪಾಂಡವಪುರದ ಸುತ್ತಿನ ಆಲೆಮನೆಗಳಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಬೆಲ್ಲದ ಪಾಕ ನೋಡುವುದೇ ನನ್ನ ಕಸುಬು. ಕೊರೊನಾ ಮುಗಿದ ಮರುವರ್ಷ, ಕಿಕ್ಕೇರಿ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋಗಿದ್ದ ಸವಿತಾ ತನ್ನ ಸ್ವಸಹಾಯ ಸಂಘದ ಹೆಂಗಸರನ್ನು ಕಟ್ಟಿಕೊಂಡು ಪುಡಿಬೆಲ್ಲದ ಘಟಕ ತೆಗೆಯಲು ಹೊರಟಳು. ಬಣ್ಣ ಬರಿಸುವ ಕೆಮಿಕಲ್ ಹಾಕುವುದಿಲ್ಲ, ಒಲೆಗೆ ಹಳೇ ಟೈರು ಹಾಕುವುದಿಲ್ಲ, ಒಣಗಿದ ಕಬ್ಬಿನ ಸಿಪ್ಪೆಯೊಂದೇ ಉರುವಲು ಎಂಬುದು ಅವಳ ಹಟ. ಪಾಕಕ್ಕೆ ನನ್ನನ್ನು ಕರೆದಳು.

ಬ್ಯಾಂಕು ಪ್ರಾಜೆಕ್ಟ್ ರಿಪೋರ್ಟ್ ಕೇಳಿತು. ಏನು ಮಾಡುತ್ತೇವೆ, ಯಾರಿಗೆ ಮಾರುತ್ತೇವೆ, ಎಷ್ಟು ಕಾಲ ಕೆಲಸ ನಡೆಯುತ್ತದೆ ಎಂದು ಬರೆದು ಕೊಡುವ ಯೋಜನೆ ಅದು. ಪಿಯುಸಿ ಓದಿದ ಸವಿತಾ ತಾನೇ ಬರೆಯಲು ಕೂತಳು. ನಡುವೆ ಎದ್ದು ಮುದ್ದೆ ತಿರುವುತ್ತಲೇ ನನ್ನನ್ನು ಕೇಳಿದಳು: “ಮಳೆ ಇಡ್ಕಂಡ್ರೆ ಸಿಪ್ಪೆ ಒಣಗ್ತದಾ ಅಣ್ಣಯ್ಯ?”

“ಎಲ್ಲಿ ಒಣಗ್ತದೆ? ಅಸಿ ಸಿಪ್ಪೆ ಆಕುದ್ರೆ ಬರೀ ಒಗೆ ಕಣವ್ವ, ಉರಿ ಬರಕಿಲ್ಲ.”

‘ಮಳೆಗಾಲದಲ್ಲಿ ಒಲೆ ಹಚ್ಚುವುದಿಲ್ಲ. ಬೇಸಿಗೆಯಲ್ಲಿ ಮಾಡಿಟ್ಟ ಪುಡಿಯನ್ನು ಆಗ ಮಾರುತ್ತೇವೆ’ ಎಂದು ಬರೆದಳು. ಇಷ್ಟು ವರ್ಷದ ನನ್ನ ಕೆಲಸ ಮೊದಲ ಸಲ ಒಂದು ಹಾಳೆಯ ಮೇಲೆ ಬಂದಿತ್ತು. ಹೆಮ್ಮೆಯಾಯಿತು.

ಟೈಪು ಮಾಡಿಸಲು ಕೆ.ಆರ್. ಪೇಟೆಯಲ್ಲಿ ರಿಪೋರ್ಟ್ ಬರೆದುಕೊಡುವವನೊಬ್ಬನ ಅಂಗಡಿಗೆ ಹೋದೆವು. ಅವನ ಕಂಪ್ಯೂಟರಿನಲ್ಲಿದ್ದದ್ದು ಒಂದೇ ರಿಪೋರ್ಟು. ಹಪ್ಪಳಕ್ಕೂ ಅದೇ, ಕುರಿ ಸಾಕಣೆಗೂ ಅದೇ. ಸವಿತಾಳ ಸಾಲಿನ ಮೇಲೆ ಬೆರಳಿಟ್ಟು ನಕ್ಕ.

“ಮಳೆಗಾಲ ಪೂರ್ತಿ ಬಾಗ್ಲಾಕ್ತೀನಿ ಅಂತ ನೀವೇ ಬರ್ಕೊಟ್ರೆ ಬ್ಯಾಂಕ್ನೋರು ಕಾಫಿ ಕುಡ್ಸಿ ಕಳುಸ್ತಾರೆ ಅಕ್ಕಾ. ವರ್ಷ ಪೂರ್ತಿ ಅಂತ ಆಕ್ತೀನಿ ಬುಡಿ.”

“ನಮ್ ಒಲೆ ಅಂಗೆ ಉರಿಯಾಕಿಲ್ಲ ಕಣಪ್ಪ.”

“ಪೇಪರ್ನಾಗೆ ಉರುದ್ರೆ ಸಾಕು.”

ಅವಳು ಎಷ್ಟು ಜಗಳವಾಡಿದರೂ ಅವನು ಜಗ್ಗಲಿಲ್ಲ. ಅರ್ಜಿಗೆ ಅದೇ ಕೊನೆಯ ದಿನ. ಕೊನೆಗೆ ಅವಳು ನನ್ನ ಕಡೆ ತಿರುಗಿ, “ಆಗ್ಲಿ, ಬ್ಯಾಂಕಲ್ಲಿ ಬಾಯ್ಬುಟ್ಟು ಏಳ್ಬುಡಣ. ನೀನೇ ಏಳಣ್ಣಯ್ಯ. ಒಲೆ ಮಾತು ನಿನ್ ಬಾಯಲ್ಲಿ ಬಂದ್ರೆ ತೂಕ” ಎಂದಳು. ನಾನು ಒಪ್ಪಿಕೊಂಡೆ.

ಮ್ಯಾನೇಜರು ಹಾಳೆ ತಿರುವಿ ಕೇಳಿದರು: “ವರ್ಷವಿಡೀ ನಡೆಯುತ್ತಾ ಯಜಮಾನ್ರೆ?”

ನಮ್ಮ ಕಡೆ ಶುಭ ಕೆಲಸದಲ್ಲಿ ‘ಇಲ್ಲ’ ಎನ್ನುವುದಿಲ್ಲ. ಡಬ್ಬದ ಅಕ್ಕಿ ಖಾಲಿಯಾದರೆ ‘ತುಂಬೈತೆ’ ಎನ್ನುತ್ತಿದ್ದಳು ನಮ್ಮವ್ವ. ಕೊಪ್ಪರಿಗೆಯ ಮುಂದೆ ‘ಉರಿ ಸಾಲದು’ ಎಂದ ತಪ್ಪಿಗೆ ನಾನು ಯಜಮಾನನಿಂದ ಬೈಸಿಕೊಂಡಿದ್ದೇನೆ. ಹೊಸ ಕೆಲಸದ ಬಾಗಿಲಲ್ಲಿ, ದೊಡ್ಡವರ ಮೇಜಿನ ಮುಂದೆ, ಆ ಮಾತು ನಾಲಿಗೆಗೆ ಹತ್ತಲಿಲ್ಲ.

“ನಡೀತದೆ ಸಾ,” ಅಂದೆ.

ಸವಿತಾ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಹೊರಗಿನವರ ಮುಂದೆ ಅಣ್ಣನ ಮಾತು ಮುರಿಯಬಾರದು ಎಂದು ಅವಳಿಗೆ ಕಲಿಸಿದ್ದರು. ಕಲಿಸಿದವರಲ್ಲಿ ನಾನೂ ಒಬ್ಬ.

ಸಾಲದ ಮೊದಲ ಕಂತು ಬಂತು. ಶೆಡ್ಡು ಎದ್ದಿತು, ಕೊಪ್ಪರಿಗೆ ಬಂತು, ಬೇಸಿಗೆಯೆಲ್ಲ ಚೆನ್ನಾಗಿ ನಡೆಯಿತು. ಆಷಾಢದ ಜಡಿಮಳೆಯಲ್ಲಿ ಒಂದು ದಿನ ಮ್ಯಾನೇಜರು ಹೇಳದೆ ಕೇಳದೆ ಬಂದರು. ಒಲೆಯ ಬಾಯಲ್ಲಿ ನಾಯಿ ಮಲಗಿತ್ತು. ಹೆಂಗಸರು ಪುಡಿ ಪ್ಯಾಕ್ ಮಾಡುತ್ತಿದ್ದರು.

“ವರ್ಷವಿಡೀ ಅಂತ ಬರೆದು ಸಹಿ ಹಾಕಿದ್ದೀರಲ್ಲಮ್ಮ. ಸುಳ್ಳು ರಿಪೋರ್ಟ್ ಕೊಟ್ಟವರಿಗೆ ಮುಂದಿನ ಕಂತು ಸಿಗಲ್ಲ.”

ಪುಡಿ ಒಣಗಿಸುವ ಯಂತ್ರ ಬರಬೇಕಿದ್ದದ್ದು ಆ ಕಂತಿನಲ್ಲಿ. ಅದಿಲ್ಲದೆ ಘಟಕ ಮುಂದಿನ ವರ್ಷ ಕಾಣುವುದಿಲ್ಲ. ಸಂಘದ ಹಿರಿಯಾಕೆ ನಿಂಗಮ್ಮ ಕೈಯಲ್ಲಿದ್ದ ಪೊಟ್ಟಣ ಕೆಳಗಿಟ್ಟು, “ನಮ್ಗೂ ಇಂಗೇ ಸುಳ್ ಏಳ್ಕಂಡ್ ಬಂದಿದ್ಯೇನವ್ವ?” ಎಂದು ಕೇಳಿದಳು. ಸವಿತಾ ನನ್ನತ್ತ ನೋಡಿದಳು. ನಾನು ಕೊಪ್ಪರಿಗೆ ಉಜ್ಜುವವನಂತೆ ಬಗ್ಗಿದೆ. ಅದು ಆಗಲೇ ಉಜ್ಜಿಟ್ಟ ಕೊಪ್ಪರಿಗೆ.

ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ. ಸುಳ್ಳು ಟೈಪು ಮಾಡಿದವನು ಫೋನಿನಲ್ಲಿ “ಎಲ್ರೂ ಅಂಗೇ ಬರ್ಸದು ಕಣಣ್ಣ” ಎಂದು ನಕ್ಕ. ಟೈರು ಸುಟ್ಟು ಊರಿಗೆಲ್ಲ ವಿಷ ಕುಡಿಸುವವರ ರಿಪೋರ್ಟು ಎಂದೂ ಸುಳ್ಳಾಗುವುದಿಲ್ಲ, ಅವರ ಚಿಮಣಿ ಮಳೆಯಲ್ಲೂ ಹೊಗೆ ಉಗುಳುತ್ತಿರುತ್ತದೆ. ನಿಯತ್ತಿನ ಒಲೆ ಆರಿದ್ದಕ್ಕೆ ನನ್ನ ತಂಗಿ ಕಳ್ಳಿಯಾದಳು. ಆದರೆ ಇವರನ್ನೆಲ್ಲ ಬೈಯುವ ಬಾಯಿ ಅಂದು ಎಲ್ಲಿ ಸತ್ತಿತ್ತು?

ಇದಕ್ಕಿಂತ ನಾಚಿಕೆಗೇಡು ಇನ್ನೊಂದಿದೆ. ಮಾರನೆಯ ದಿನ ನಾನೇ ಅವಳಿಗೆ ಹೇಳಿದೆ: “ಒಂದ್ ಲೋಡ್ ಟೈರು ತಂದ್ಬುಡ್ಲಾ? ಅವ್ರು ತಿರ್ಗಾ ಬರೋಗಂಟ ಒಲೆ ಉರೀಲಿ.”

ಅವಳು ನನ್ನನ್ನು ಎಂದೂ ಗದರಿದವಳಲ್ಲ. ಅಂದು ಗದರಿದಳು. “ಟೈರು ಸುಡಾಕೆ ಬತ್ತದೆ, ಇಲ್ಲ ಅನ್ನಾಕೆ ಬರಕಿಲ್ವೇನೋ ನಿಂಗೆ?”

ಕೂಡಲೇ ಬಸ್ಸು ಹತ್ತಿ ಬ್ಯಾಂಕಿಗೆ ಹೋದೆ. ಇದ್ದದ್ದನ್ನು ಇದ್ದ ಹಾಗೆ ಮ್ಯಾನೇಜರಿಗೆ ಹೇಳಿದೆ. ಅವರು ಮಾತೇನೂ ಕೊಡಲಿಲ್ಲ. ಅವಳು ಬರೆದ ಮೊದಲಿನ ಯೋಜನೆ ತನ್ನಿ, ನೋಡೋಣ ಎಂದರು. ಒಲೆ ಯಾವಾಗ ಉರಿಯುತ್ತದೆ ಎಂದು ಯಾರು ಬೇಕಾದರೂ ಬರೆದಾರು. ಯಾವಾಗ ಆರಿರುತ್ತದೆ ಎಂದು ಬರೆಯಲು, ಬರೆದದ್ದನ್ನು ಬಾಯಲ್ಲಿ ಹೇಳಲು ಎದೆ ಬೇಕು. ಈ ಕಸುಬು ನನಗೆ ಕಲಿಸಿದ್ದು ಇಷ್ಟೇ, ಅದೂ ತಡವಾಗಿ.

ಸಂಜೆ ಶೆಡ್ಡಿನಲ್ಲಿ ಸಂಘದವರೆಲ್ಲ ಸೇರಿದ್ದರು. ತಣ್ಣಗಿನ ಒಲೆಯ ಮುಂದೆ ನಿಂತು ನಿಂಗಮ್ಮನಿಗೆ ಕೇಳುವಂತೆ ಹೇಳಿದೆ:

“ಮಳೇಲಿ ಈ ಒಲೆ ಉರಿಯಾಕಿಲ್ಲ. ಉರೀತದೆ ಅಂತ ಬ್ಯಾಂಕಲ್ಲಿ ಏಳ್ದೋನು ನಾನು. ಸವಿತಾ ಅಲ್ಲ.” ಆಮೇಲೆ ತಂಗಿಯ ಕಡೆ ತಿರುಗಿದೆ. “ನೀನ್ ಬರ್ದಿದ್ದೇ ಸರಿ ಕಣವ್ವ. ನಂದು ತಪ್ಪಾಯ್ತು.”